ಪದೇ ಪದೇ ಆರುತ್ತಿದ್ದ ಗೀಸರು

ಹೊಳಲು, ಮಂಡ್ಯ ತಾಲ್ಲೂಕು
೧೬ ಫೆಬ್ರವರಿ ೨೦೨೫

ಚಿರಂಜೀವಿ ಯತೀಶನಿಗೆ,

ನಿನ್ನ ಮಾವ ಶಿವರಾಜು ಮಾಡುವ ಆಶೀರ್ವಾದಗಳು. ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಯಲು ಕೈ ತಾನಾಗಿ ಹೋಯಿತು. ಕಾಲೇಜಿನಲ್ಲಿ ಪತ್ರಲೇಖನ ಕಲಿಸಿ ಕಲಿಸಿ ಕೈಗೆ ಅಂಟಿದ ಚಟ. ತಡೆದುಕೊಂಡೆ. ಎಲ್ಲರೂ ಅಲ್ಲ, ಇರುವವರು ಕ್ಷೇಮ.

ಬರೆಯುವುದು ತಡವಾಯಿತು, ಮನ್ನಿಸು. ನಿನ್ನ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆ ಎರಡು ಗೆರೆ ಬೀಳುತ್ತವೆ, ನೀಲಿಯಾಗುವುದಿಲ್ಲ. ನೀಲಿ ಶಾಯಿಯಲ್ಲೇ ಬರೆದರೆ ಹೇಗೆ ನೀಲಿಯಾಗುವುದಿಲ್ಲವೋ ನೋಡಿಯೇಬಿಡೋಣ ಎಂದು ಕುಳಿತಿದ್ದೇನೆ. ಮಳವಳ್ಳಿಯಲ್ಲಿ ನಿಮ್ಮ ತಾಯಿಯವರ ಮನೆಗೂ ನೀನು ಹೋಗುತ್ತಿಲ್ಲವಂತೆ. ಬ್ಲಫ್‌ನ ಪವರ್‌ಹೌಸ್ ಕ್ವಾರ್ಟರ್ಸಿನಲ್ಲಿ ಒಬ್ಬನೇ ಇದ್ದು, ಇದ್ದಬದ್ದವರ ಪಾಳಿಯನ್ನೆಲ್ಲ ನೀನೇ ಮಾಡುತ್ತಿದ್ದೀಯಂತೆ. ಹೆಣ್ಣು ನೋಡಲು ಬಂದ ದಿನ ‘ಹುಡುಗ ಬ್ಲಫ್‌ನಲ್ಲಿದ್ದಾನೆ’ ಎಂದಾಗ, ‘ಅಂದರೆ ಕೆಲಸ ಇದೆಯೋ, ಇದೆ ಅಂತ ಹೇಳ್ಕೋತಾನೋ?’ ಎಂದು ನಾನು ಕೇಳಿದ್ದೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ಒಳಮನೆಯಲ್ಲಿದ್ದ ದೀಪಿಕ. ಹೆಣ್ಣು ಹಾಗೆ ನಗಬಾರದೆಂದು ನಿಮ್ಮತ್ತೆ ಅವಳ ತೋಳು ಚಿವುಟಿದಳು.

ನಿನ್ನ ಮಗಳಿಗೆ ಮೂರು ತಿಂಗಳು ತುಂಬಿತು. ಡಬ್ಬಿಯ ಹಾಲು ಒಗ್ಗಿದೆ. ಕೆನ್ನೆ ಬಂದಿದೆ. ಇನ್ನೂ ಹೆಸರಿಲ್ಲದ್ದರಿಂದ ಊರವರು ತಲೆಗೊಂದು ಇಟ್ಟಿದ್ದಾರೆ. ಪಕ್ಕದ ಮನೆಯ ಮಾಯಮ್ಮ ‘ಗುಂಡವ್ವ’ ಎನ್ನುತ್ತಾಳೆ. ನಾನು ಅನಾಮಿಕೆ ಎನ್ನುತ್ತೇನೆ. ಉಂಗುರದ ಬೆರಳಿಗೂ ಅದೇ ಹೆಸರಲ್ಲವೇ, ಕೈ ಚಾಚಿದರೆ ಅವಳು ಆ ಬೆರಳನ್ನೇ ಹಿಡಿಯುತ್ತಾಳೆ. ಹಿಡಿದರೆ ಬಿಡುವುದಿಲ್ಲ. ನೀನು ಬರಬೇಕು, ಅವಳನ್ನು ಎತ್ತಿಕೊಳ್ಳಬೇಕು, ಕಿವಿಯಲ್ಲಿ ಹೆಸರು ಹೇಳಬೇಕು. ಈ ಪತ್ರ ಅದೊಂದಕ್ಕೇ. ಉಳಿದದ್ದೆಲ್ಲ ಮೇಷ್ಟ್ರ ವ್ಯಾಖ್ಯಾನ.

ದೀಪಿಕಳ ತಿಥಿಯ ಊಟ ಮುಗಿದ ಮೇಲೆ ನೀನು ಹಟ್ಟಿಯಲ್ಲಿ ನನ್ನೆದುರು ನಿಂತು, “ನಾನೇ ಕೊಂದೆ ಮಾವ” ಎಂದು ಹೇಳಿ ಹೋದೆಯಲ್ಲ, ಆ ಮಾತು ನಿಜವೋ ಸುಳ್ಳೋ ತಿಳಿಯಬೇಕೆನಿಸಿತು. ಹೋದ ವಾರ ಮದ್ದೂರಿನಿಂದ ಗೀಸರು ರಿಪೇರಿಯವನನ್ನು ಕರೆಸಿದೆ. ಹೆಸರು ಪುಟ್ಟಸ್ವಾಮಿ. ಗ್ಯಾಸು ರಿಪೇರಿಗಿಂತ ಗ್ಯಾಸು ಬಿಡುವುದರಲ್ಲಿ ಕೈ ಪಳಗಿದವನು. ಬಾಗಿಲು ದಾಟುವ ಮುಂಚೆಯೇ, “ಬ್ಯಾಟ್ರಿ ಓಗಿರ್ತದೆ ಸಾ, ನೂರಕ್ಕೆ ತೊಂಬತ್ತು ಬ್ಯಾಟ್ರಿನೇಯ. ಕಣ್ ಮುಚ್ಕಂಡ್ ಏಳ್ತೀನಿ” ಎಂದ. ಕಣ್ಣು ಮುಚ್ಚಿಕೊಂಡೇ ಹೇಳಿದ್ದರಿಂದ ತಪ್ಪಾಯಿತು. ಬ್ಯಾಟರಿ ಹೊಸದು, ನೀನೇ ಹಾಕಿದ್ದು. ಆಮೇಲೆ ನೀರು ಒಳಗೆ ಬರುವ ಕಡೆಯ ಜಾಲರಿ ಬಿಚ್ಚಿ, “ಬೋರ್ ನೀರಿನ ಸುಣ್ಣ ಕಟ್ಕಂಡಿರ್ತದೆ, ನೀರು ಎಳೀದೆ ಇದ್ರೆ ಬೆಂಕಿ ಇಡ್ಯಾಕಿಲ್ಲ” ಎಂದ. ಜಾಲರಿಯೂ ಚೊಕ್ಕಟ, ಅದನ್ನೂ ನೀನು ವಿನಿಗರಿನಲ್ಲಿ ನೆನೆಸಿ ತೊಳೆದಿದ್ದೆ. ರೆಗ್ಯುಲೇಟರು ಸರಿ, ಕೊಳವೆ ಸರಿ. “ಯಾರ್ ಸಾ ಇದ್ನ ನೋಡಿರೋದು? ನನ್ನೊಟ್ಟೆ ಮೇಲ್ ಒಡ್ಯೋ ಆಸಾಮಿ” ಎಂದು ಮೆಚ್ಚಿಕೊಂಡ. ನನ್ನ ಅಳಿಯ ಎಂದೆ. ಎದೆಯುಬ್ಬಿಸಿ ಹೇಳುವ ಮಾತು, ನೆಲ ನೋಡಿಕೊಂಡು ಹೇಳಿದೆ.

ಆಮೇಲೆ ಮುಂದಿನ ತಗಡು ಬಿಚ್ಚಿದ. ಸುಮ್ಮನಾದ. ಪುಟ್ಟಸ್ವಾಮಿ ಸುಮ್ಮನಾದದ್ದು ಅದೊಂದೇ ಸಲ. ಕೋಣೆಯ ಗಾಳಿ ಕೆಟ್ಟರೆ ತಾನಾಗಿ ಗ್ಯಾಸು ನಿಲ್ಲಿಸುವ ಒಂದು ಸೆನ್ಸಾರು ಇರುತ್ತದಲ್ಲ, ಅದರ ಎರಡು ತಂತಿಗಳನ್ನೂ ಕಿತ್ತು, ನಡುವೆ ಕೆಂಪು ವೈರಿನ ತುಂಡಿನಿಂದ ಗಂಟು ಹಾಕಿತ್ತು. “ಈ ಮಿಸನ್ನು ನಿಯತ್ತಿಂದು ಸಾ. ‘ಸಾಯ್ತೀರಿ, ಸಾಯ್ತೀರಿ’ ಅಂತ ಬಾಯ್ ಬಡ್ಕತಿತ್ತು. ಯಾರೋ ಬಾಯಿ ಕಟ್ಟವ್ರೆ” ಎಂದ.

ಹೌದು ಯತೀಶ. ನೀನು ಹೇಳಿದ್ದು ನಿಜ. ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡಲು ನನ್ನಿಂದಾಗದು. ಅಳಿಯನಿಗೆ ಸುಳ್ಳು ಹೇಳುವ ವಯಸ್ಸು ಮದುವೆಗೆ ಮುಂಚೆಯೇ ಮುಗಿಯಿತು. ಆ ಭಾನುವಾರ ನೀನು ಸ್ಟೂಲಿನ ಮೇಲೆ ನಿಂತು ಆ ಗಂಟು ಹಾಕುವಾಗ ಟಾರ್ಚು ಹಿಡಿದವನು ನಾನೇ. “ಸುಳ್ಳು ಟ್ರಿಪ್ಪು ಮಾವ. ನಾನು ಆನ್ ಮಾಡಿ ನೋಡಿದಾಗೆಲ್ಲ ಉರೀತದೆ, ಅವಳು ಸ್ನಾನಕ್ಕೆ ಹೋದಾಗ ಮಾತ್ರ ಆರ್ತದೆ. ಸೆನ್ಸಾರೇ ಕೆಟ್ಟಿರೋದು. ನಮ್ಮ ಪವರ್‌ಹೌಸಲ್ಲಿ ಹಿಂಗ್ ಮಾಡಿದ್ರೆ ಅವತ್ತೇ ಮನೆಗೆ ಕಳಿಸ್ತಾರೆ, ಮನೇಲಿ ಪರವಾಗಿಲ್ಲ” ಎಂದು ನೀನು ನಕ್ಕೆ. ನಾನೂ ನಕ್ಕೆ. ದೀಪಿಕ ಒಳಗಿನಿಂದ, “ಅಪ್ಪ, ಅರ್ಧ ನೊರೇಲಿ ತಣ್ಣೀರು ಬಿದ್ರೆ ನಿಮ್ಮಿಬ್ರಿಗೂ ಅದೇ ನೀರು” ಎಂದಳು. ಬಾಣಂತಿಗೆ ನಡುವೆ ನೀರು ತಣ್ಣಗಾದರೆ ಸೀತವಾದೀತು ಎಂಬ ಹೆದರಿಕೆ ಎಲ್ಲರಿಗೂ ಇತ್ತು. ಗೀಸರು ಹಾಕಿಸಿದ್ದೇ ಬಾಣಂತನಕ್ಕೆ, ಸೌದೆಯ ಹೊಗೆ ಕೂಸಿಗೆ ಬೇಡವೆಂದು.

ಅದಾದ ಮೇಲೆ ಗೀಸರು ಒಮ್ಮೆಯೂ ಆರಲಿಲ್ಲ. ಸ್ನಾನವಾದ ಮೇಲೆ ದೀಪಿಕ ತಲೆ ಸಿಡಿಯುತ್ತದೆ, ಕಣ್ಣು ಕತ್ತಲೆ ಎನ್ನುತ್ತಿದ್ದಳು. “ಬಾಣಂತಿ ನೀರು ಅಂದ್ರೆ ತಲೆ ತಿರುಗ್ಲೇಬೇಕು ಕಣವ್ವ, ಮೈಯಾಗಿರೋ ಸೀತ ಬಿಡ್ತಾ ಅದೆ, ಒದ್ಕಂಡ್ ಮಲಿಕ್ಕೊ” ಎಂದು ನಿಮ್ಮತ್ತೆ ಕಂಬಳಿ ಹೊದಿಸುತ್ತಿದ್ದಳು. ಕೊನೆಯ ದಿನ ಬೆನ್ನಿಗೆಲ್ಲ ನೀರು ಹುಯ್ದು, ಸಾಂಬ್ರಾಣಿಗೆ ಕೆಂಡ ತರಲು ಹೊರಗೆ ಬಂದಳು. “ಇನ್ನೆರಡು ಚೊಂಬು ಹುಯ್ಕೊಂಡ್ ಬತ್ತೀನಿ” ಎಂದು ದೀಪಿಕ ಒಳಗೆ ಉಳಿದಳು. ಅಷ್ಟರಲ್ಲಿ ಕೂಸು ಅತ್ತಿತು. ಕೂಸು ಸುಮ್ಮನಾದ ಮೇಲೆ, ಒಳಗೂ ಸದ್ದಿಲ್ಲವೆಂದು ನಮಗೆ ತಿಳಿಯಿತು. ಗ್ಯಾಸಿನ ವಾಸನೆಯೇ ಇರಲಿಲ್ಲವಲ್ಲ ಎಂದು ನಾವು ಕೇಳಿದ್ದಕ್ಕೆ ಡಾಕ್ಟರು, ಇದು ಸಿಲಿಂಡರಿನ ಗ್ಯಾಸಲ್ಲ, ಬೆಂಕಿಗೆ ಗಾಳಿ ಸಾಲದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡು, ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ ಎಂದರು.

ಈಗ ನಿಮ್ಮತ್ತೆಯ ಸುದ್ದಿ. ಇದನ್ನು ನೀನು ತಿಳಿದೇ ಬರಬೇಕು. ತಿಥಿಯಾದ ಮೇಲೆ ಮಲ್ಲಿಗಮ್ಮ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ತಟ್ಟೆ ಮುಂದಿಟ್ಟರೆ ಹಾಗೇ ವಾಪಸ್ಸು. “ನಾನೇ ಬಿಸಿ ಎಚ್ಚು ಮಾಡ್ಬುಟ್ಟೆ. ನೀರುಯ್ದ ಕೈ ಇದು” ಎಂದು ಅಂಗೈ ನೋಡಿಕೊಳ್ಳುವಳು. ಕೂಸನ್ನು ಮಡಿಲಿಗಿಟ್ಟರೆ ಕೈ ಹಿಂದಕ್ಕೆ ಎಳೆದುಕೊಳ್ಳುವಳು. ಮಾಯಮ್ಮನೇ ಬಂದು ಹಾಲು ಕುಡಿಸಿ ಹೋಗುತ್ತಿದ್ದಳು. ನಾನು ತಮಾಷೆ ಮಾಡಿದೆ, ಬೈದೆ, ಅತ್ತೆ. ಈ ಬಾರಿ ಅತ್ತೆ ಎಂದರೆ ನಿಮ್ಮತ್ತೆ ಅಲ್ಲ, ನಾನು ಅತ್ತದ್ದು. ಹೀಗೆಯೇ ಇದ್ದರೆ ಇನ್ನೊಂದು ತಿಥಿ ಎಂದು ಕಂಪೌಂಡರು ನನ್ನನ್ನು ಆಚೆ ಕರೆದು ಹೇಳಿದ.

ಪುಟ್ಟಸ್ವಾಮಿ ಹೋದ ಮೇಲೆ ನಾನು ಅವಳ ಪಕ್ಕ ಕುಳಿತು ಕೆಂಪು ವೈರಿನ ಸಂಗತಿ ಹೇಳಿದೆ. ನಿನ್ನ ಹೆಸರನ್ನೂ ಹೇಳಿದೆ. ಗೋಡೆಯಿಂದ ಈ ಕಡೆ ತಿರುಗಿದಳು.

“ಅಂಗಾರೆ ನಾನಲ್ವಾ?”

“ನೀನಲ್ಲ.”

“ನಿಜ್ವಾಗ್ಲೂ?”

“ನಿಜವಾಗಲೂ ನೀನಲ್ಲ ಕಣೇ.”

ಎದ್ದು ಕುಳಿತಳು. ಅನ್ನ ಕೇಳಿದಳು. ಈಗ ಕೂಸಿಗೆ ಎಣ್ಣೆ ಹಚ್ಚುತ್ತಾಳೆ, ಹಾಲು ಕುಡಿಸುತ್ತಾಳೆ, ಹಾಡುತ್ತಾಳೆ. ಹಾಡಿನ ನಡುವೆ ನಿನ್ನನ್ನು ಶಪಿಸುತ್ತಾಳೆ. “ಓದ್ದೋನಂತೆ ಓದ್ದೋನು! ನನ್ ಮಗಳ ತಿಂದ್ಕಂಡ. ಅವ್ನು ಈ ವಸ್ಲು ತುಳೀಲಿ, ಪೊರಕೆ ತಕತೀನಿ. ಮಗೀನ ಅವ್ನ ಕೈಗೆ ಕೊಡಾಕಿಲ್ಲ” ಎನ್ನುತ್ತಾಳೆ. ಕೋಪ ಅವಳಿಗೆ ಗ್ಲುಕೋಸಿನಂತೆ ಏರುತ್ತಿದೆ.

ಆದರೂ ಬಾ. ಬರುವ ಭಾನುವಾರ ಬೆಳಿಗ್ಗೆಯೇ ಬಾ. ಅವಳು ಕೊಡುವುದಿಲ್ಲವೆಂದರೆ ನಾನು ಕೊಡುತ್ತೇನೆ, ಮಗು ನಿನ್ನದು. ಬಿಸಿಲಿಗೆ ಮುಂಚೆ ಹೊರಡು, ಹಸಿದುಕೊಂಡು ಬರಬೇಡ. ದೇವರು ನಿನಗೆ ಆಯಸ್ಸು ಕೊಡಲಿ, ಅದನ್ನು ಹೊತ್ತುಕೊಳ್ಳುವ ಹೆಗಲನ್ನೂ ಕೊಡಲಿ.

ನಿನ್ನ ಮಾವ,
ಶಿವರಾಜು

ತಾ.ಕ.: ಗೀಸರು ಏಕೆ ಆರುತ್ತಿತ್ತು ಎಂಬುದನ್ನು ಬರೆಯದೆ ಪತ್ರ ಮುಚ್ಚಿದರೆ ನಾನು ನಿನಗೆ ದ್ರೋಹ ಮಾಡಿದಂತೆ. ಸೆನ್ಸಾರು ಕೆಟ್ಟಿರಲಿಲ್ಲ. ಪುಟ್ಟಸ್ವಾಮಿ ಸಾಮಾನು ಕಟ್ಟುವಾಗ ಮೇಲೆ ನೋಡಿ, ವೆಂಟಿಲೇಟರಿನೊಳಗೆ ಕೈ ಹಾಕಿ ಎಳೆದ. ಮಡಿಸಿ ಮಡಿಸಿ ತುರುಕಿದ ಹಳೆಯ ಸೀರೆ ಬಂತು. ಬಾಣಂತಿಗೆ ಗಾಳಿ ಸೋಕಬಾರದೆಂದು ಮಲ್ಲಿಗಮ್ಮ ನೀರು ಹುಯ್ಯುವ ಮುಂಚೆ ಅದನ್ನು ತುರುಕಿ, ಬಾಗಿಲ ಸಂದಿಗೆ ಗೋಣಿಚೀಲ ಒತ್ತುತ್ತಿದ್ದಳು. ಅವಳಿಗೆ ಅವಳವ್ವ ಮಾಡಿದ್ದೂ ಹಾಗೆಯೇ. ಆಗ ಹಂಡೆಯ ಬೆಂಕಿ ಗೋಡೆಯ ಆಚೆಗಿತ್ತು. ಈಗ ಒಳಗೆ ಬಂದಿದೆ ಎಂಬುದು ನಮಗ್ಯಾರಿಗೂ ಹೊಳೆಯಲಿಲ್ಲ. ನೀನು ಆನ್ ಮಾಡಿ ನೋಡುವಾಗ ಬಾಗಿಲು ತೆಗೆದಿರುತ್ತಿತ್ತು; ಅದಕ್ಕೇ ಉರಿಯುತ್ತಿತ್ತು. ಆ ಸೀರೆ ಇಲ್ಲದಿದ್ದರೆ, ನಿನ್ನ ಗಂಟು ಇದ್ದರೂ ದೀಪಿಕ ಬಹುಶಃ ತಲೆನೋವಿನಲ್ಲೇ ಪಾರಾಗುತ್ತಿದ್ದಳಂತೆ.

“ಅವ್ವಾ, ಇದ್ಯಾರವ್ವ ತುರುಕಿರೋದು?” ಎಂದು ಅವನು ಕೂಗಲು ಬಾಯಿ ತೆರೆದ. ನಾನು ಆ ಬಾಯಿಗೆ ಕೈ ಇಟ್ಟೆ.

ಆ ಸೀರೆಯಿಂದ ಆದದ್ದು ಮಲ್ಲಿಗಮ್ಮನಿಗೆ ಗೊತ್ತಿಲ್ಲ. ನಾನು ಅರ್ಧ ಸತ್ಯ ಹೇಳಿ ಹೆಂಡತಿಯನ್ನು ಉಳಿಸಿಕೊಂಡೆ; ಉಳಿದರ್ಧವನ್ನೂ ನಿನ್ನ ತಲೆಯ ಮೇಲೆ ಹೊರಿಸಿದೆ. ನೀನು ಬಂದರೆ ಸ್ನಾನದ ಮನೆಯಲ್ಲಿ ಕಾಲು ತೊಳೆಯುತ್ತೀಯೆ, ನಾನು ಬರೆಯದಿದ್ದರೂ ವೆಂಟಿಲೇಟರಿನ ಅಂಚಿಗೆ ಸಿಕ್ಕಿ ಉಳಿದ ಸೀರೆಯ ಎಳೆಗಳನ್ನು ನೋಡಿದೊಡನೆ ಎಲ್ಲ ತಿಳಿದುಬಿಡುತ್ತಿತ್ತು. ‘ನಾನೊಬ್ಬನೇ ಅಲ್ಲ’ ಎಂಬ ಮಾತು ನಿನ್ನ ಬಾಯಿಗೆ ಬರುತ್ತದೆ. ನ್ಯಾಯವಾಗಿ ಅದು ನಿನಗೆ ಸಲ್ಲಬೇಕಾದ ಮಾತು.

ಅದನ್ನು ಆಡಬೇಡ, ಮಗನೇ. ಅವಳು ಬೈಯುವಷ್ಟು ಹೊತ್ತು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿರು. ನಾನು ಮಗುವನ್ನು ಎತ್ತಿಕೊಂಡು ಹೊರಗೆ ಬರುತ್ತೇನೆ.