ಮುಂದಿನ ಎರಡು ಟೈರು

ವಿಜಯವಾಡ
೧೪ ಜೂನ್ ೧೯೯೨, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಈಗ ಹೇಗಿದೆ? ಎಣ್ಣೆ ಹಚ್ಚಿಕೊಂಡು ಸುಮ್ಮನಿರಬೇಡ, ಡಾಕ್ಟರಿಗೆ ತೋರಿಸು. ತುಮಕೂರಿಗೆ ಮಳೆ ಬಂತೆಂದು ಓದಿ ಹೊಟ್ಟೆಕಿಚ್ಚಾಯಿತು. ಇಲ್ಲಿ ಬೆಳಿಗ್ಗೆ ಎಂಟಕ್ಕೇ ಟಾರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತದೆ. ಸುಲೋಚನಾ ಚೆನ್ನಾಗಿದ್ದಾಳೆ. ನಮ್ಮ ಪುಟ್ಟಿ ನೀನು ಯಾವಾಗ ಬರುತ್ತೀಯೆಂದು ತೆಲುಗಿನಲ್ಲೇ ಕೇಳುತ್ತಾಳೆ, ಕನ್ನಡದಲ್ಲಿ ಕೇಳೇ ಅಂದರೆ ನಾಚಿಕೊಂಡು ಒಳಗೆ ಓಡುತ್ತಾಳೆ.

ಮಂಗಳಾಗೌರಿಗೆ ಕೆಲಸ ಸಿಕ್ಕಿದ್ದು ತುಂಬಾ ಸಂತೋಷ. ಆದರೆ ಅವಳು ಮೊಪೆಡ್ ಕೇಳಿದ್ದಕ್ಕೆ ಮನೆಯಲ್ಲಿ ಮಾತೇ ನಿಂತುಹೋಗಿದೆ ಎಂದು ಬರೆದಿದ್ದೀಯ. "ಅವರಪ್ಪನ ವೇಗ ಇವಳ ರಕ್ತದಲ್ಲೂ ಇದೆ ಚಂದ್ರು, ಇನ್ನೊಂದು ಹೆಣ ನೋಡೋ ಶಕ್ತಿ ನನಗಿಲ್ಲ" ಎಂಬ ಸಾಲನ್ನು ಬ್ಯಾಂಕಿನಲ್ಲಿ ಕೂತು ನಾಲ್ಕು ಸಲ ಓದಿದೆ. ಐದನೆಯ ಸಲ ಆಗಲಿಲ್ಲ.

ಅದೇ ವಾರ ನಮ್ಮ ಶಾಖೆಯ ಜೀಪಿಗೆ ಟೈರು ಕೊಳ್ಳುವ ಕೆಲಸ ನನ್ನ ತಲೆಗೆ ಬಂತು. ಭಾವ ಹೋದ ಮೇಲೆ ಆರು ವರ್ಷದಿಂದ ಇಂಥದ್ದನ್ನೆಲ್ಲ ಬೇರೆಯವರಿಗೆ ದಾಟಿಸುತ್ತಾ ಬಂದಿದ್ದೆ. ನನಗೆ ಒಂದು ಚಟ ಅಂಟಿದೆ ಅಕ್ಕಾ, ಯಾರಿಗೂ ಹೇಳಿಲ್ಲ. ರಸ್ತೆ ಬದಿ ನಿಂತ ಗಾಡಿ ಕಂಡರೆ ಬಗ್ಗಿ ಅದರ ಮುಂದಿನ ಟೈರನ್ನು ಸವರುತ್ತೇನೆ. ಹೋದ ತಿಂಗಳು ಮದುವೆ ಮನೆಯ ಮುಂದೆಯೇ ಹಾಗೆ ಮಾಡಿದಾಗ ಸುಲೋಚನಾ ಕೈಹಿಡಿದು ಎಬ್ಬಿಸಿದಳು. ಹೆದ್ದಾರಿಯಲ್ಲಿ ಲಾರಿ ಟೈರಿನಿಂದ ಕಿತ್ತುಬಿದ್ದ ರಬ್ಬರು ಕಂಡರಂತೂ ಬಸ್ಸಿನಲ್ಲಿದ್ದರೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಮುಚ್ಚಿದ ಕಣ್ಣೊಳಗೂ ಅದು ಕಾಣುತ್ತದೆ.

ಗವರ್ನರ್‌ಪೇಟೆಯಲ್ಲಿ ಟೈರು ಅಂಗಡಿಗಳಿಗೇನು ಬರ? ಆದರೂ ಕಾಲು ಹಳೆಯ ದುರ್ಗಾಪ್ರಸಾದರ ಅಂಗಡಿಗೇ ಹೋಯಿತು. ನನ್ನ ಫಿಯಟ್ಟಿಗೆ ಟೈರು ಕೊಟ್ಟವರು ಅವರೇ. ಮನುಷ್ಯ ಪೂರ್ತಿ ನರೆತಿದ್ದಾರೆ, ಆದರೆ ಮೊದಲಿನಂತೆಯೇ ನಿಧಾನ. ಮೊಳೆಯೊಂದನ್ನು ಟೈರಿನ ಗೀರಿನೊಳಗೆ ಇಳಿಸಿ ಆಳ ತೋರಿಸಿದರು, ಟೈರಿನ ಪಕ್ಕೆಯನ್ನು ಹಿಂಡಿ ಬಿರುಕು ಹುಡುಕಿದರು, ಎಡಕ್ಕೂ ಬಲಕ್ಕೂ ಒಂದೇ ಜಾತಿಯದು ಇರಬೇಕೆಂದರು. ಆಮೇಲೆ ಕನ್ನಡಕ ಮೇಲೆತ್ತಿ ನನ್ನ ಮುಖ ನೋಡಿ, "ಆ ಫಿಯಟ್ ಎಲಾ ಉಂದಿ ಸಾರ್?" ಎಂದರು. ಕಾರು ಹೇಗಿದೆಯೆಂದು ಅಷ್ಟು ಅಕ್ಕರೆಯಿಂದ ಕೇಳಿದರು. ಮಾರಿಬಿಟ್ಟೆ ಎಂದೆ. ಅವರು ತಲೆಯಾಡಿಸಿ ಇನ್ನೊಂದು ಪ್ರಶ್ನೆ ಕೇಳಿದರು. ಜೀಪನ್ನು ಅಲ್ಲೇ ಬಿಟ್ಟು, ಬಿಸಿಲಿನಲ್ಲಿ ನಡೆದುಕೊಂಡೇ ಮನೆಗೆ ಬಂದೆ.

ಮಂಗಳಾಗೆ ಮೊಪೆಡ್ ಕೊಡಿಸು. ಹೊಸ ಗಾಡಿಯೇ ಇರಲಿ. ಟೈರು ಸವೆದ ದಿನವೇ ಬದಲಿಸಲಿ, ಮುಂದಿನ ವಾರ ಎನ್ನದಿರಲಿ. ಅವಳಿಗೆ ನನ್ನ ಆಶೀರ್ವಾದ, ನಿನಗೆ ನಮಸ್ಕಾರ. ಮಂಡಿಗೆ ಬಿಸಿನೀರಿನ ಶಾಖ ಬಿಡಬೇಡ.

ನಿನ್ನ ತಮ್ಮ,
ಚಂದ್ರಮೌಳಿ

ಮರೆತದ್ದು – ಇಲ್ಲ, ಮರೆತಿಲ್ಲ ಅಕ್ಕಾ. ಅಂಚೆಗೆ ಹಾಕಲು ಬಾಗಿಲವರೆಗೆ ಹೋಗಿ ಲಕೋಟೆ ಒಡೆದು ಬರೆಯುತ್ತಿದ್ದೇನೆ. ದುರ್ಗಾಪ್ರಸಾದ್ ಕೇಳಿದ ಎರಡನೆಯ ಪ್ರಶ್ನೆ, ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿಸಿದಿರಾ ಎಂದು. ಆಗ ನಾನು ತೆಗೆದುಕೊಂಡದ್ದು ಸವೆದ ಟೈರಿನ ಮೇಲೆ ಹೊಸ ರಬ್ಬರು ಕೂರಿಸಿದ್ದು. ಅವನ್ನು ಮುಂದೆ ಹಾಕಬೇಡಿ, ಹಿಂದಿನ ಗಟ್ಟಿ ಟೈರುಗಳನ್ನು ಮುಂದಕ್ಕೆ ತರುತ್ತೇನೆ, ಅರ್ಧ ಗಂಟೆ ಸಾಕು ಎಂದು ಅವರು ಬೇಡಿಕೊಂಡಿದ್ದರು. ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ಇತ್ತು. ಮುಂದಿನ ವಾರ ಬರುತ್ತೇನೆಂದು ಹೊರಟುಬಿಟ್ಟೆ. ಮೂರನೆಯ ದಿನ ಭಾವ, ಆಗ ನೀವೆಲ್ಲ ಇದ್ದ ವಿಶಾಖಪಟ್ಟಣದಿಂದ ಒಬ್ಬರೇ ಬಂದರು, ಮಗಳನ್ನು ರಜೆಯಲ್ಲಿ ಋಷಿಕೊಂಡದ ಕಡಲತೀರಕ್ಕೆ ಕರೆದೊಯ್ಯಬೇಕೆಂದು ಕಾರು ಕೇಳಿದರು. ಬೀಗದಕೈ ಕೊಟ್ಟೆ. ಟೈರಿನ ಮಾತು ಬಾಯಿಗೆ ಬಂದಿತ್ತು, ಹೇಳಲಿಲ್ಲ.

ಸುದ್ದಿ ತಿಳಿದು, ಏಲೂರು ದಾಟಿ ಅಪಘಾತವಾದ ಜಾಗಕ್ಕೆ ನಾನು ಹೋಗಿ ನೋಡಿದಾಗ ಮುಂದಿನ ಎಡ ಟೈರಿನ ರಬ್ಬರು ಉದ್ದಕ್ಕೂ ಸುಲಿದು ರಸ್ತೆಯಲ್ಲಿ ಬಿದ್ದಿತ್ತು. ಪೊಲೀಸರ ಕಣ್ಣಿಗೆ ಬೀಳುವ ಮೊದಲೇ ಎತ್ತಿ ಕಾಲುವೆಗೆ ಎಸೆದೆ. ಹಿಂದೆ ಬರುತ್ತಿದ್ದ ಲಾರಿಯ ಡ್ರೈವರು ನನ್ನ ಹತ್ತಿರ ಬಂದು, "ಮೆಲ್ಲಗಾನೇ ವೆಳ್ತುನ್ನಾರು ಸಾರ್" ಎಂದು ಎರಡು ಸಲ ಹೇಳಿದ. ವೇಗ ಎಂದು ನಿಮಗೆಲ್ಲ ಹೇಳಿದವನು ನಾನು.

ಭಾವ ಮೆಲ್ಲಗೇ ಹೋಗುತ್ತಿದ್ದರು ಅಕ್ಕಾ. ಇದನ್ನು ಮಂಗಳಾಗೆ ಓದಿ ಹೇಳು. ನನಗೆ ಮತ್ತೆ ಬರೆಯುವುದೂ ಬಿಡುವುದೂ ನಿನಗೆ ಸೇರಿದ್ದು.