ಮೈಕಮ್ಮನ ಭಾನುವಾರದ ಫೋನು

ಬುಧವಾರ, ಮಧ್ಯಾಹ್ನದ ಊಟವಾದ ಮೇಲೆ

ಸಭೆಯ ಅಧ್ಯಕ್ಷರೇ, ಚಾಲಕ ಮಹಾಶಯರೇ, ನಿರ್ವಾಹಕ ಬಾಂಧವರೇ, ಬಸ್ಸು ತಪ್ಪಿಹೋಗಿ ಬೇರೆ ಗತಿಯಿಲ್ಲದೆ ಇಲ್ಲಿ ಬಂದು ಕೂತಿರುವ ಸಮಸ್ತ ಪ್ರಯಾಣಿಕರೇ,

ಇಂದು ನಾವು ಸೇರಿರುವುದು, ಈ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಒಂದು ಆಯುಷ್ಯವಿಡೀ ಬಸ್ಸುಗಳನ್ನು ಕೂಗಿ ಕರೆದ, ಮೈಕಮ್ಮನೆಂದೇ ಹೆಸರಾದ, ನನ್ನ ತಾಯಿಯೂ ಮರಿ ಮೈಕಿನ ಅಜ್ಜಿಯೂ ಆದ ಮಹನೀಯಳನ್ನು ನೆನೆಯಲು. ಆಕೆಯ ದನಿ ದೊಡ್ಡದು, ಮನಸ್ಸು ಇನ್ನೂ ದೊಡ್ಡದು, ನಿವೃತ್ತಿಯ ದಿನ ಇಲಾಖೆಯವರು ಕೊಟ್ಟ ಗಡಿಯಾರ ಮಾತ್ರ ಚಿಕ್ಕದು.

ಸಾಕು ಕಣೇ ಮರಿ ಮೈಕು. ಭಾಷಣ ಇಲ್ಲಿಗೇ ಕೆಟ್ಟು ನಿಂತಿದೆ, ತಳ್ಳಿದರೂ ಹೋಗುತ್ತಿಲ್ಲ. ಚಾಲಕರ ವಿಶ್ರಾಂತಿ ಕೋಣೆಯಲ್ಲಿ ಈ ಭಾನುವಾರ ಅಜ್ಜಿಯ ನೆನಪಿನ ಸಭೆ ಇದೆ, ಒಂದು ಪುಟ ಬರೆದು ಕಳಿಸಿ ದೊಡ್ಡಮ್ಮಾ ಎಂದು ನೀನು ಕೇಳಿದ್ದೆ. ಕೇಳಿದ್ದೆ ಎಂದರೆ ಮೆಸೇಜು ಕುಟ್ಟಿದ್ದೆ. ಕೆಳಗೆ ಇನ್ನೊಂದು ಸಾಲು: ನಾನು ಓದಲ್ಲ, ಅಮ್ಮ ಓದುತ್ತಾಳೆ. ಅಲ್ಲಿಗೆ ನನ್ನ ಅನುಮಾನ ಗಟ್ಟಿಯಾಯಿತು. ಅನುಮಾನ ಒಮ್ಮೆ ಹೊಕ್ಕರೆ ಬಹುಮಾನ ಕೊಟ್ಟರೂ ಹೊರಡುವುದಿಲ್ಲ. ಪ್ರಾಸ ನನ್ನ ಹಳೆಯ ಚಟ, ಸಹಿಸಿಕೋ.

ಮೊದಲು ಅಜ್ಜಿಯ ವಿಷಯ. ನೀನು ನೋಡಿದ್ದು ಅವಳ ಕೊನೆಯ ಕೆಲವು ವರ್ಷದ ನೌಕರಿ. ನಾನು ನೋಡಿದ್ದು ಮೊದಲಿನದು. ಶಾಲೆ ಬಿಟ್ಟ ಮೇಲೆ ನಾನೂ ನಿನ್ನಮ್ಮನೂ ಆ ಗಾಜಿನ ಕೋಣೆಯ ನೆಲದ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆವು. ಕೆಮ್ಮುವ ಹಾಗಿಲ್ಲ, ಜಗಳವಾಡುವ ಹಾಗಿಲ್ಲ. ಒಮ್ಮೆ ನಿನ್ನಮ್ಮ ನನ್ನ ಜಡೆ ಎಳೆದಾಗ ನಾನು ಬೈದ ಬೈಗುಳ ಇಡೀ ನಿಲ್ದಾಣಕ್ಕೆ ಕೇಳಿತು. ಅಮ್ಮ ಒಂದಿಷ್ಟೂ ಗಲಿಬಿಲಿಯಾಗದೆ, ಈ ಮಾತು ಯಾವ ಬಸ್ಸಿಗೂ ಸಂಬಂಧಿಸಿದ್ದಲ್ಲ ಎಂದು ಪ್ರಕಟಣೆ ಕೊಟ್ಟು ಮುಂದುವರಿದಳು.

ಅವಳು ಚೀಟಿ ಓದುತ್ತಿರಲಿಲ್ಲ. ಕಂಟ್ರೋಲರ್ ಬಗ್ಗಿ ಅವಳ ಕಿವಿಯಲ್ಲಿ ಬಸ್ಸಿನ ನಂಬರು ಪಿಸುಗುಟ್ಟುತ್ತಿದ್ದರು. ಆಡುತ್ತಿದ್ದ ವಾಕ್ಯವನ್ನು ತುಂಡು ಮಾಡದೆ ಅದನ್ನು ಒಳಕ್ಕೆ ಹೊಂದಿಸಿಬಿಡುತ್ತಿದ್ದಳು. ಕಿವಿಗೆ ಬಿದ್ದದ್ದು ಒಬ್ಬರದು, ಬಾಯಿಂದ ಬಂದದ್ದು ಇನ್ನೊಬ್ಬರದು, ಹೊರಗೆ ಕೇಳುವವರಿಗೆ ಇಬ್ಬರೂ ಒಬ್ಬರೇ. ಬಸ್ಸು ತಡ ಎಂಬ ಮಾತು ಅವಳ ಬಾಯಲ್ಲಿ ಬಂದದ್ದೇ ಇಲ್ಲ, ಎಲ್ಲ ಬಸ್ಸೂ ಯಾವಾಗಲೂ ಬರುತ್ತಲೇ ಇರುತ್ತಿತ್ತು. ಜನಜಂಗುಳಿಯಲ್ಲಿ ತಪ್ಪಿಸಿಕೊಂಡ ಮಗುವನ್ನು ಯಾರಾದರೂ ತಂದುಬಿಟ್ಟರೆ ಮಡಿಲಲ್ಲಿ ಕೂರಿಸಿಕೊಂಡು, ಕಳೆದುಹೋಗಿರುವ ತಾಯಿಯೊಬ್ಬರು ಕೂಡಲೇ ಬಂದು ತಮ್ಮ ಮಗುವನ್ನು ಕಾಣಬೇಕು ಎಂದು ಕೂಗುತ್ತಿದ್ದಳು. ಮಗು ಇದ್ದಲ್ಲೇ ಇತ್ತು, ಕಳೆದುಹೋದವರು ದೊಡ್ಡವರು ಎಂಬುದು ಅವಳ ವಾದ.

ಆಮೇಲೆ ಆ ನೆಲದ ಮೇಲೆ ಕೂರುವ ಸರದಿ ನಿನ್ನದಾಯಿತು. ಮುಂದಿನ ಹಲ್ಲು ಬೀಳುವ ವಯಸ್ಸಿಗೆ ನೀನು ಅಜ್ಜಿಯ ದನಿಯನ್ನು ಎಳೆ ಬಿಡದೆ ಕಲಿತಿದ್ದೆ. ಒಮ್ಮೆ ಅವಳಿಗೆ ಗಂಟಲು ಕಟ್ಟಿದಾಗ ಕದ್ದು ನಿನ್ನ ಕೈಗೆ ಮೈಕು ಕೊಟ್ಟಳಂತೆ, ಒಬ್ಬ ಚಾಲಕನಿಗೂ ಗೊತ್ತಾಗಲಿಲ್ಲವಂತೆ. ಅಂದಿನಿಂದ ನೀನು ಮರಿ ಮೈಕು. ಈ ಕಥೆಯನ್ನು ಅಮ್ಮ ಎಷ್ಟು ಸಲ ಹೇಳಿ ನಕ್ಕಿದ್ದಳೋ, ನನಗೆ ಈಗ ಅಷ್ಟು ಸಲವೂ ಮೈ ಉರಿಯುತ್ತದೆ.

ಇನ್ನು ವಿಚಾರಣೆ. ಪ್ರತಿ ಭಾನುವಾರ ಬೆಳಗ್ಗೆ, ನಿನ್ನಮ್ಮ ಆಸ್ಪತ್ರೆಯ ಡ್ಯೂಟಿಗೆ ಹೋದ ಮೇಲೆ, ನಾನು ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ಮನೆಯಲ್ಲಿ ಇರುತ್ತಿದ್ದದ್ದು ಅಜ್ಜಿ ಮತ್ತು ನೀನು. ಅಮ್ಮ ಕೇಳುತ್ತಿದ್ದದ್ದು ಮೂರೇ ಪ್ರಶ್ನೆ: ಊಟ ಆಯ್ತಾ, ಬಾಗಿಲು ಭದ್ರ ಮಾಡ್ಕೊಂಡ್ಯಾ, ಅಳಿಯಂದ್ರು ಹೇಗಿದ್ದಾರೆ. ಮೂರಕ್ಕೂ ಹೂಂ ಎಂದರೆ ಮಾತು ಮುಗಿಯಿತು. ಕಳೆದ ಚಳಿಗಾಲದಿಂದ ಈಚೆಗೆ ಏನೋ ಬದಲಾಯಿತು. ನಾನು ಏನಾದರೂ ಹೇಳಿದರೆ ಉತ್ತರ ಬರುವ ಮೊದಲು ಒಂದು ಸಣ್ಣ ಬಿಡುವು. ಯಾರೋ ಯಾರಿಗೋ ಸನ್ನೆ ಮಾಡುತ್ತಿದ್ದಾರೆ ಎನ್ನುವಂಥ ಬಿಡುವು. ಬಳೆ ಸದ್ದು. ಕುರ್ಚಿ ಸರಿದ ಸದ್ದು. ಆಮೇಲೆ ಅಮ್ಮನ ದನಿ, ಏರಿಳಿತವೆಲ್ಲ ಸರಿಯಾಗಿ, ಜರತಾರಿಯಷ್ಟು ನಯವಾಗಿ. ಎಪ್ಪತ್ತು ದಾಟಿದವಳ ದನಿ ವಾರದಿಂದ ವಾರಕ್ಕೆ ಎಳೆಯದಾಗುತ್ತದೆಯೇ? ನಿನ್ನಮ್ಮನನ್ನು ಕೇಳಿದೆ. ಅಮ್ಮನಿಗೆ ಸ್ವಲ್ಪ ಸುಸ್ತು ಅಷ್ಟೇ ಕಣೇ ಅಕ್ಕ ಎಂದಳು. ನಿನ್ನಮ್ಮ ಸುಳ್ಳು ಹೇಳುವಾಗ ಮಾತ್ರ ನನ್ನನ್ನು ಅಕ್ಕ ಎನ್ನುತ್ತಾಳೆ.

ಆಮೇಲೆ ಆ ಒಂದು ಭಾನುವಾರ. ಅಮ್ಮನ ದನಿ ಕೇಳಿತು: "ನೀನು ಖುಷಿಯಾಗಿದ್ದೀಯೇನೆ?"

ನಾನು ನಿಂತಿದ್ದವಳು ಕೂತೆ. ಯಾರಿಗೂ ಹೇಳದೆ ಬಾಯಲ್ಲಿಟ್ಟುಕೊಂಡಿದ್ದನ್ನು ಹೇಳಿದೆ. ನಿನ್ನ ದೊಡ್ಡಪ್ಪ ಮನೆ ಬಿಟ್ಟು ಹೋಗಿ ಒಂದು ವರ್ಷವಾಯಿತು, ಹೋಗಿ ಎಂದವಳು ನಾನೇ, ಊರಿಗೆ ಬಂದರೆ ಒಬ್ಬಳೇ ಬರಬೇಕಾಗುತ್ತದೆಂದು ಬರುತ್ತಿಲ್ಲ ಎಂದೆ. ಬಹಳ ಹೊತ್ತಾದ ಮೇಲೆ, "ಆಯ್ತು, ಊಟ ಮಾಡು" ಎಂದಿತು ದನಿ, ಸ್ವಲ್ಪ ಒಡೆದು.

ಇದಾದ ಮೇಲೆ ಅಮ್ಮ ಹೋದಳು. ನಾನು ಬಂದೆ. ನಮ್ಮ ಡಾಕ್ಟರು ನನ್ನ ಭುಜ ಮುಟ್ಟಿ, ಪಾಪ, ಸಮಾಧಾನಕ್ಕೆಂದೇ ಹೇಳಿದರು: "ಸ್ಟ್ರೋಕ್ ಆಗಿ ಮಾತು ಪೂರ್ತಿ ಹೋದ ಮೇಲೂ ಎಷ್ಟು ತಿಂಗಳು ಗಟ್ಟಿಯಾಗಿದ್ರು ನೋಡಿ ನಿಮ್ಮ ತಾಯಿ."

ಮಾತು ಹೋದವಳು ಭಾನುವಾರಗಳಲ್ಲಿ ನನ್ನೊಂದಿಗೆ ಮಾತಾಡಿದ್ದು ಹೇಗೆ ಮರಿ ಮೈಕು? ಮನೆ ತುಂಬ ನೆಂಟರು ಇದ್ದಾಗ, ಬಾಯಿಗೆ ಬೀಗವೇ ಇಲ್ಲದ ನೀನು ನನ್ನೆದುರು ತಲೆಯಾಡಿಸಿಯೇ ಕಾಲ ಹಾಕಿದೆ. ಕಾಫಿ ಬೇಕಾ ಎಂದು ಲೋಟ ಎತ್ತಿ ತೋರಿಸಿದೆ. ಪಕ್ಕದ ಮನೆಯಾಕೆ, "ಅಳಿಯಂದ್ರು ಬರ್ಲಿಲ್ವಾ?" ಎಂದು ನನ್ನನ್ನು ಕೇಳಿದರೆ ಬೆಚ್ಚಿ ಬಿದ್ದವಳು ನೀನು. ಟೂರ್ ಮೇಲಿದ್ದಾರೆ ಎಂದು ನಾನು ಹೇಳುವಾಗ ನೀನು ಎದ್ದು ಹಿತ್ತಲಿಗೆ ಹೋದೆ. ಅಮ್ಮನ ಕಿವಿಗೆಂದು ಹೇಳಿದ ಮಾತು ಯಾರ ಕಿವಿಗೆ ಬಿತ್ತು, ಈಗ ಅದು ಎಲ್ಲಿದೆ, ಯಾರ ಯಾರ ಬಾಯಲ್ಲಿದೆ? ಹತ್ತೊಂಬತ್ತು ವರ್ಷದ ಹುಡುಗಿ ನನ್ನ ಮಾನವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರೆ ನನಗೆ ನಿದ್ದೆ ಹೇಗೆ ಬರಬೇಕು? ಈಗ ಸಭೆಯಲ್ಲಿ ಓದುವುದಿಲ್ಲ ಎಂದು ಬೇರೆ ಅನ್ನುತ್ತೀಯ. ಮೈಕಿನ ಮುಂದೆ ನಿಂತರೆ ಯಾವ ದನಿ ಹೊರಬಂದೀತು, ಅದನ್ನು ದೊಡ್ಡಮ್ಮ ಗುರುತಿಸಿಯಾಳು ಎಂಬ ಭಯ ತಾನೇ? ಒಪ್ಪಿಕೊಂಡುಬಿಡು. ಒಪ್ಪಿಕೊಂಡರೆ ಶಿಕ್ಷೆ ಕಡಿಮೆ, ತಪ್ಪಿಸಿಕೊಂಡರೆ...

ಪ್ರಾಸ ಸಿಗುತ್ತಿಲ್ಲ. ನನಗೆ ಗೊತ್ತಿತ್ತು ಕಣೇ.

ಖುಷಿಯಾಗಿದ್ದೀಯಾ ಎಂದು ಕೇಳಿದೆಯಲ್ಲ, ಆಗಲೇ ಗೊತ್ತಾಯಿತು. ನನ್ನಮ್ಮ ನನ್ನನ್ನು ಜೀವಮಾನದಲ್ಲಿ ಹಾಗೆ ಕೇಳಿದವಳಲ್ಲ. ಕೇಳುತ್ತಿರುವವಳು ನೀನು ಎಂದು ಗೊತ್ತಿದ್ದೇ ಹೇಳಿದೆ. ಅವಳಿಗೆ ಹೇಳಲಾಗದ್ದನ್ನು ನಿನಗೆ ಹೇಳಬಹುದು ಅನ್ನಿಸಿತು. ನೀನು ಏನನ್ನೂ ಕದ್ದಿಲ್ಲ, ನಾನಾಗಿ ಕೊಟ್ಟದ್ದು. ಅವಳ ಮಾತು ನಿಂತಿದೆ ಎಂಬುದೂ ಆ ದಿನವೇ ಹೊಳೆಯಿತು. ಹೊಳೆದ ಮೇಲೂ ನಾನು ಬಸ್ಸು ಹತ್ತಲಿಲ್ಲ. ಬಂದರೆ ಬಾಯಿ ಕಟ್ಟಿದ ಅಮ್ಮ, ಬರದಿದ್ದರೆ ಭಾನುವಾರ ಭಾನುವಾರ ಮಾತಾಡುವ ಅಮ್ಮ. ನಾನು ಫೋನನ್ನು ಆರಿಸಿಕೊಂಡೆ. ಅನುಮಾನ ಪಡಬೇಕಾದವಳು ನೀನು, ನನ್ನ ಮೇಲೆ.

ಈ ಭಾನುವಾರ ಬರುತ್ತೇನೆ, ಒಬ್ಬಳೇ. ದೊಡ್ಡಪ್ಪನ ವಿಷಯ ನಿನ್ನಮ್ಮನಿಗೆ ನಾನೇ ಹೇಳುತ್ತೇನೆ. ಪುಟವನ್ನೂ ತರುತ್ತೇನೆ, ನೀನೇ ಓದಬೇಕು.

ನಿನ್ನ
ದೊಡ್ಡಮ್ಮ

ತಾ.ಕ.: ಮೈಕು ಆನ್ ಆಗಿದೆಯಾ ಎಂದು ಅಮ್ಮ ತೋರುಬೆರಳಿನಿಂದ ಎರಡು ಸಲ ತಟ್ಟಿ ನೋಡುತ್ತಿದ್ದಳು. ಆ ದಿನ ನಾನು ಎಲ್ಲ ಹೇಳಿ ಮುಗಿಸಿದಾಗ, ನೀನು ಇನ್ನೂ ಸುಮ್ಮನಿದ್ದಾಗ, ಫೋನಿನ ಮೇಲೆ ಯಾರೋ ಹಾಗೆಯೇ ತಟ್ಟಿದರು. ಅವಳು ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದಳಾ? ಇದಕ್ಕೆ ಮೆಸೇಜು ಬೇಡ. ಫೋನ್ ಮಾಡಿ ಹೇಳು, ನಿನ್ನ ದನಿಯಲ್ಲಿ.