ಅಕ್ಕನಿಗೆ ಮೂರು ದಿನ

೫ ಮೇ, ಸೋಮವಾರ. ಬೆಳಿಗ್ಗೆ ೬

…‘ಕೊಟ್ಟ ಹೆಣ್ಣಿಗೆ ಮೂರೇ ದಿನ.’ ನಿನ್ನೆ ಯಾರೋ ಹಾಗೆ ಅಂದರು. ಯಾರೆಂದು ನೆನಪಿಲ್ಲ—ಸದ್ಯಕ್ಕೆ ಹೀಗೇ ಬರೆದಿಡುತ್ತೇನೆ.

ಚಹಾ ಆಯಿತು. ವಾಕಿಂಗ್ ಇಲ್ಲ.

ಲಕ್ಕವ್ವಕ್ಕ ನಿನ್ನೆ ನಸುಕಿನಲ್ಲಿ ಹೊನವಾಡದ ತನ್ನ ಮನೆಯಲ್ಲಿ ತೀರಿಕೊಂಡಳು. ಹಾರ್ಟ್ ಅಟ್ಯಾಕ್. ಸಂಜೆಗೆ ಮಣ್ಣಾಯಿತು. ಅವ್ವ ಅಲ್ಲೇ ಉಳಿದಳು. ನಾನು, ಹೆಂಡತಿ ನಿರ್ಮಲಾ ವಿಜಯಪುರಕ್ಕೆ ವಾಪಸು. ಗುರುವಾರ ಮಗಳ ಮದುವೆ. ಹತ್ತು ದಿನ ಸೂತಕ ಹಿಡಿದರೆ ನಿಲ್ಲುತ್ತದೆ. ಬೀಗರು ಕಲಬುರಗಿಯವರು, ಕಟ್ಟುನಿಟ್ಟಿನ ಜನ. ಒಮ್ಮೆ ನಿಂತದ್ದು ಮತ್ತೆ ನಡೆಯಲಿಕ್ಕಿಲ್ಲ.

ಮಧ್ಯಾಹ್ನ ೩

ನಾನೇ ಅಂದದ್ದು.

ಮಣ್ಣು ಮುಗಿಸಿ ಕಾಲು ತೊಳೆಯುತ್ತಿದ್ದೆವು. ಯಲಗೂರಪ್ಪ ಕಾಕಾ ‘ಮದವಿ ಮುಂದ ಹಾಕೂದ ಆತಲ್ಲೋ’ ಎಂದು ಗೊಣಗುತ್ತಿದ್ದ. ನನ್ನನ್ನು ಯಾರೂ ಕೇಳಿರಲಿಲ್ಲ.

“ಲಗ್ನಾ ಆದ ಮಗಳಿಗೆ ತವರಮನ್ಯಾಗ ಮೂರ ದಿನಾ ಕಾಕಾ. ಶಾಸ್ತ್ರದಾಗ ಐತಿ.”

ಇಪ್ಪತ್ತೆರಡು ವರ್ಷ ಸಮಾಜಶಾಸ್ತ್ರದ ಕ್ಲಾಸಿನಲ್ಲಿ ಸೂತಕದ ಆ ಪಟ್ಟಿಯನ್ನು ಬೋರ್ಡ್ ಮೇಲೆ ಬರೆದಿದ್ದೇನೆ. ಮಗ ಸತ್ತರೆ ಇಷ್ಟು, ಕೊಟ್ಟ ಮಗಳು ಸತ್ತರೆ ಇಷ್ಟು. ಹುಡುಗರು ನಗುತ್ತಾರೆ. ನಗಲಿ ಎಂದೇ ಬರೆಯುವುದು. ನಿನ್ನೆ ಯಾರೂ ನಗಲಿಲ್ಲ.

“ನಿನ್ನ ಸಾಲಿ ಇವತ್ತ ಉಪಯೋಗಕ್ಕ ಬಂತ ನೋಡಲೇ!” ಎಂದ ಕಾಕಾ.

ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ನಿನ್ನ ಒಂಬತ್ತ ತಿಂಗಳಾ ಹೊತ್ತೇನಿ. ಆಕಿನ್ನೂ ಅಷ್ಟ ಹೊತ್ತೇನಿ. ಆಕಿಗೆ ಮೂರ ದಿನಾ ಏನೋ, ಮಾಸ್ತರಾ?”

ಹೆಸರು ಹಿಡಿದು ಕರೆಯಲಿಲ್ಲ.

೭ ಮೇ, ಬುಧವಾರ

ಇವತ್ತು ಅರಿಷಿಣ. ಬೆಳಿಗ್ಗೆ ಗೀತಾಂಜಲಿ ಕೇಳಿದಳು: “ಪಪ್ಪಾ, ಅತ್ತಿ ಹೋಗಿ ಇನ್ನಾ ಮೂರ ದಿನಾ ಆಗ್ಯಾವ. ಹಚ್ಚಗೊಳ್ಳಲೇನು?”

ಮೂರು ಮುಗಿದವಲ್ಲ, ಎಂದೆ.

ನಿರ್ಮಲಾ ಹೊನವಾಡಕ್ಕೆ, ಅವ್ವನಿಗೆ, ಫೋನ್ ಮಾಡಿದಳು, ಸ್ಪೀಕರ್ ಹಾಕಿ. “ಅತ್ತೀ, ಮದವ್ಯಾಗ ಮೊಮ್ಮಗಳಿಗೆ ಅಕ್ಕಿಕಾಳ ಹಾಕಾಕ ನೀವ ಇಲ್ಲಂದ್ರ ಹೆಂಗ್ರಿ?”

“ನಿಮಗ ಮೂರ ಬೇ. ನನಗ ಹತ್ತ.”

೮ ಮೇ, ಗುರುವಾರ

ಆಯಿತು. ಊಟ ಚೆನ್ನಾಗಿತ್ತು ಅಂದರು ಎಲ್ಲರೂ.

ಬೀಗರಿಗೆ ಸಾವಿನ ಸುದ್ದಿ ಮುಟ್ಟಿಸಿರಲಿಲ್ಲ. ಬೀಗತಿ ವೇದಿಕೆಯ ಮೇಲೆ ಹುಡುಕುತ್ತಿದ್ದರು. “ಸೋದರತ್ತಿ ಎಲ್ರಿ? ಮುಂದ ನಿಂದ್ರವ್ರು ಅವರಲ್ಲೇನ್ರಿ?” ಕಾಕಾ ನನ್ನನ್ನು ನೋಡಿದ.

“ಅಕ್ಕಗ ಆರಾಮಿಲ್ರಿ. ಬೆಡ್ ರೆಸ್ಟ್. ಅವ್ವನೂ ಅಲ್ಲೇ ಅದಾಳ್ರಿ.”

ಕೊನೆಯದು ಸುಳ್ಳಲ್ಲ. ಶಾಸ್ತ್ರ ನನ್ನ ಕಡೆ ಇದ್ದರೆ ಮೊದಲಿನದು ಯಾಕೆ ಬೇಕಿತ್ತು… ನಾಲಿಗೆ ತಡವರಿಸಲೂ ಇಲ್ಲ.

೧೯ ಮೇ

ಅವ್ವನನ್ನು ಕರೆತರಲು ಹೋಗಿದ್ದೆ. ಹತ್ತು ಮುಗಿದು ಐದು ದಿನವಾಗಿದೆ. ಅಕ್ಕನ ಗಂಡ ಮಾಳು ಮಾಮಾ ರೊಟ್ಟಿ ಬಡಿಸಿದ, ತಾನೇ. ಹೇಗೆ ಉಂಡೆನೋ.

“ಬರಾಂಗಿಲ್ಲ” ಎಂದಳು ಅವ್ವ. “ನಾ ಸತ್ರ ನಿನಗ ಎಷ್ಟ ದಿನಾ? ನೋಡಿ ಇಟ್ಟಿರಬೇಕ ನೀ.”

ತಿಕೋಟಾದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಸೀಟು ಖಾಲಿ ಇದ್ದವು.

೨೬ ಮೇ, ಸೋಮವಾರ. ಸಂಜೆ

ಬೀಗತಿಯ ಫೋನ್. “ಅಕ್ಕಾರು ಹೆಂಗದಾರ್ರಿ ಈಗ? ಬರೂ ರವಿವಾರ ನಾವೆಲ್ಲಾ ಹೊನವಾಡಕ್ಕ ಹೋಗಿ ಮಾತಾಡ್ಸಿ ಬರಬೇಕಂತ ಮಾಡೇವ್ರಿ.”

“ಸ್ವಲ್ಪ ಸುಧಾರಿಸ್ಯಾಳ್ರಿ,” ಎಂದೆ.

ಗೀತಾಂಜಲಿ ಗಂಡನ ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ. ನನ್ನಿಂದಲೇ ಕಲಿತಿರಬೇಕು.

ನಿರ್ಮಲಾ ಅಡುಗೆಮನೆಯಿಂದ: “ಇನ್ನ ಎಷ್ಟ ಸುಧಾರಸ್ತಾರ ಅವರು? ರವಿವಾರದೊಳಗ ಹೋದ್ರು ಅಂತ ಹೇಳಿಬಿಡ್ರಿ. ಮುಗೀತದ.”

ಕೂಗಾಡಬೇಕಿತ್ತು. ಎದ್ದು ಕ್ಯಾಲೆಂಡರ್ ನೋಡಿದೆ. ನಾಳೆ ಅಮಾವಾಸ್ಯೆ, ಬೇಡ. ಶುಕ್ರವಾರ…

ಅಕ್ಕಾ, ಅವರಿಗೆ ನೀನು ಯಾವ ದಿನ ಸತ್ತೆ ಅಂತ ಹೇಳಲಿ?